ಪಡುಗಡಲಿನ ಕಂಬದ ದೀವಿ

ನಮ್ಮ ಊರು ಕೌಜಲಗಿ. ಗೋಕಾವಿ ಸೀಮೆಯ ಎರೆಮಣ್ಣಿನ ಬಯಲಿನಲ್ಲಿರುವ ಊರು. ಕಡಲಿಗೂ ಅದಕ್ಕೂ ಇರುವ ಸಂಬಂಧವೆಂದರೆ ಮಿರಗದ ಮೋಡಗಳು ಆ ದಿಕ್ಕಿನಿಂದ ಬರುತ್ತವೆಂಬುದಷ್ಟೆ. ಅವೂ ಘಟ್ಟದ ಮೇಲೆ ತಮ್ಮ ಹೊರೆಯನ್ನೆಲ್ಲ ಇಳಿಸಿ, ನಮ್ಮ ಬಯಲನ್ನು ಮುಟ್ಟುವ ವೇಳೆಗೆ ಬರಿಗೈಯಾಗಿರುವುದು ವಾಡಿಕೆ. ಕಡಿದಾದ ಕಲ್ಲುಗೋಡೆಯನ್ನು ನೋಡಬೇಕೆನಿಸಿದರೆ ನಾವು ಗೋಕಾವಿಯ ಧಬಧಬೆಗೆ ಹೋಗುತ್ತೇವೆ. ಅಲ್ಲಿ ಘಟಪ್ರಭೆಯು 52 ಮೀಟರುಗಳಷ್ಟು ಕೆಳಕ್ಕೆ ಧುಮುಕುತ್ತದೆ. ಕಡಲು ಕೊರೆದ ಬಂಡೆ, ಚಿಪ್ಪಿನ ದಂಡೆ, ತೆಂಗು ತುಂಬಿದ ನಡುಗಡ್ಡೆ—ಇವೆಲ್ಲ ನಮಗೆ ಪುಸ್ತಕದ ಮಾತುಗಳು. ಇತಿಹಾಸವನ್ನು ಹೇಳಿ ಹೊಟ್ಟೆ ಹೊರೆಯುವ ನನಗೂ ಬಹುಕಾಲ ಅವು ಪುಸ್ತಕದ ಮಾತುಗಳೇ ಆಗಿದ್ದುವು.

ಮಲ್ಪೆಯ ಎದುರಿಗಿರುವ ದ್ವೀಪಗಳನ್ನು ನೋಡಲು ನಾನು ಹೊರಟಾಗ ಊರಿನಿಂದ ನಮ್ಮ ಕಾಕಾ ಜೊತೆಗೆ ಬಂದರು. ಅವರು ಒಕ್ಕಲುತನದವರು, ಎಪ್ಪತ್ತು ದಾಟಿದವರು, ಅದುವರೆಗೆ ಕಡಲನ್ನು ಕಂಡವರಲ್ಲ. ಮಲ್ಪೆಯ ಮರಳಿನ ಮೇಲೆ ನಿಂತು ಬಹಳ ಹೊತ್ತು ಸುಮ್ಮನೆ ನೋಡಿದರು. ಅನಂತರ, “ಇಟ್ಟ ನೀರೈತಿ ತಮ್ಮಾ, ಒಂದ ಬೊಗಸಿ ಕುಡ್ಯಾಕ ಬರೂದಿಲ್ಲ” ಎಂದರು. ಬಯಲುಸೀಮೆಯವನು ಸಮುದ್ರದ ಮೇಲೆ ಹೊರಿಸಬಹುದಾದ ದೂರು ಇದಕ್ಕಿಂತ ನ್ಯಾಯವಾಗಿ ಇರಲಾರದು.

ದ್ವೀಪಗಳಿಗೆ ಈಗ ಸೇಂಟ್ ಮೇರಿ ದ್ವೀಪಗಳೆಂದು ಹೆಸರು. ತೋನ್ಸೆಪಾರ್ ಎಂಬ ಹೆಸರೂ ಉಂಟು. ಜನ ನೋಡಲು ಹೋಗುವ ದ್ವೀಪವನ್ನು ತೆಂಗಿನ ದ್ವೀಪವೆಂದೂ ಕರೆಯುತ್ತಾರೆ. ಮಲ್ಪೆಯಿಂದ ಸುಮಾರು 6 ಕಿಲೋಮೀಟರುಗಳ ದೂರ. ಮಳೆಗಾಲದಲ್ಲಿ ಅಲ್ಲಿಗೆ ದೋಣಿಗಳು ಹೋಗುವುದಿಲ್ಲ. ನಾವು ಹೋದುದು ಮಾಗಿಯಲ್ಲಿ, ಕಡಲು ಸಾಧುವಾಗಿತ್ತು. ಆದರೂ ಕಾಕಾ ದೋಣಿಯ ಅಂಚನ್ನು ಎರಡು ಕೈಗಳಿಂದಲೂ ಹಿಡಿದೇ ಇದ್ದರು.

ಇಳಿದೊಡನೆ ಕಾಲಿಗೆ ಸಿಕ್ಕುವುದು ಮರಳಲ್ಲ, ಚಿಪ್ಪು. ಅಲೆಗಳು ಸಾವಿರಾರು ವರ್ಷ ತಂದು ಸುರಿದ ಕಪ್ಪೆಚಿಪ್ಪುಗಳ ದಂಡೆ ಅದು. ನಡೆದರೆ ಕರಕರ ಶಬ್ದವಾಗುತ್ತದೆ. ಒಳಗೆ ತೆಂಗಿನ ಮರಗಳು. ಅವನ್ನು ದಾಟಿ ಪಡುವಣ ಮಗ್ಗುಲಿಗೆ ಹೋದರೆ, ನೋಡತಕ್ಕ ನೋಟವಿರುವುದು ಅಲ್ಲಿ. ಕಲ್ಲಿನ ಕಂಬಗಳು! ಒಂದಕ್ಕೊಂದು ಒತ್ತಿ ನಿಂತ ಕಂಬಗಳು, ಐದು ಮೂಲೆಯವು, ಆರು ಮೂಲೆಯವು, ಏಳು ಮೂಲೆಯವು. ಉಳಿ ಹಿಡಿದು ಕಡಿದಂತೆ ನೆಟ್ಟಗಿನ ಅಂಚುಗಳು. ಕೆಲವು ಆಳೆತ್ತರವನ್ನು ಎಷ್ಟೋ ಮೀರಿವೆ. ಕೆಲವು ಮುರಿದು ಮೆಟ್ಟಿಲುಗಳಂತೆ ನೀರಿಗೆ ಇಳಿದಿವೆ. ಅಲೆ ಬಂದು ಕಂಬಗಳ ಬುಡಕ್ಕೆ ಬಡಿದು, ಸಂದುಸಂದುಗಳಲ್ಲಿ ಬೆಳ್ಳಗೆ ಏರಿ, ಸದ್ದು ಮಾಡುತ್ತ ಹಿಂದಕ್ಕೆ ಸೋರಿಹೋಗುತ್ತದೆ. ಹಳೇಬೀಡು ಬೇಲೂರುಗಳನ್ನು ಕಂಡ ಕಣ್ಣಿಗೆ, ಯಾವನೋ ಅರಸನು ಸಾವಿರ ಕಂಬದ ಗುಡಿಯನ್ನು ಕಟ್ಟಲು ತೊಡಗಿ ನಡುವೆಯೇ ಕೈಬಿಟ್ಟನೇನೋ ಎನಿಸಿದರೆ ಆಶ್ಚರ್ಯವಿಲ್ಲ.

ಇದು ಹೇಗಾಯಿತೆಂಬುದನ್ನು ಕಾಕಾಗೆ ವಿವರಿಸಲು ನಾನು ಸಿದ್ಧನಾಗುತ್ತಿದ್ದೆ. ಅಷ್ಟರಲ್ಲಿ ಅವರು ಬಾಗಿ ಕಂಬಗಳ ತಲೆಯನ್ನು ಕೈಯಿಂದ ಸವರಿ, “ನಮ್ಮ ಎರಿ ಹೊಲಾ ಬ್ಯಾಸಿಗ್ಯಾಗ ಬಿರತಂಗ ಬಿರತೈತಿ ನೋಡು” ಎಂದರು. ಭೂವಿಜ್ಞಾನಿಗಳು ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ಎರೆಮಣ್ಣು ಒಣಗಿ ಕುಗ್ಗುವಾಗ ಮೂಲೆಮೂಲೆಯಾಗಿ ಬಿರಿಯುವುದು. ಭೂಗರ್ಭದಿಂದ ಉಕ್ಕಿಬಂದ ಕಲ್ಲಿನ ಪಾಕವು ಆರಿ ಕುಗ್ಗುವಾಗ ಹಾಗೆಯೇ ಬಿರಿಯುವುದು. ಮಣ್ಣಿನ ಬಿರುಕು ಒಂದೆರಡು ಮೊಳ ಇಳಿದು ನಿಲ್ಲುತ್ತದೆ. ಈ ಕಲ್ಲಿನ ಬಿರುಕು ಮೇಲಿನಿಂದ ತಣಿದಂತೆಲ್ಲ ಒಳಗೊಳಗೆ ಇಳಿಯುತ್ತ ಹೋಗಿ ಪಾಕವನ್ನೆಲ್ಲ ಕಂಬಗಳಾಗಿ ಸೀಳಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು ಈ ಸ್ಥಳವನ್ನು ರಾಷ್ಟ್ರೀಯ ಭೂಸ್ಮಾರಕಗಳಲ್ಲಿ ಒಂದಾಗಿ ಎಣಿಸಿದ್ದಾರೆ.

ಒಂದು ಮಾತಿನಲ್ಲಿ ಮಾತ್ರ ನಮ್ಮಿಬ್ಬರ ಲೆಕ್ಕವೂ ತಪ್ಪಿತ್ತು. ಈ ಕರಿಯ ಕಲ್ಲು ನಮ್ಮ ಬೆಳಗಾವಿ ಸೀಮೆಯಲ್ಲಿ ಹಾಸಿಕೊಂಡಿರುವ ದಖನ್ನಿನ ಕರಿಗಲ್ಲಿನ ಬಳಗವೇ ಇರಬೇಕೆಂದು ನಾನು ನಂಬಿದ್ದೆ. ಹಿಂದಿನ ಪಂಡಿತರಲ್ಲಿಯೂ ಹಾಗೆ ನಂಬಿದವರಿದ್ದರು. ಆದರೆ ದಖನ್ನಿನ ಕಲ್ಲು ಉಕ್ಕಿದುದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ. ಈ ದ್ವೀಪಗಳ ಕಲ್ಲಿಗೆ ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ವಯಸ್ಸು. ಇದರ ದಾಯಾದಿಗಳು ಇರುವುದು ಮಡಗಾಸ್ಕರಿನಲ್ಲಿ. ಆ ಮಹಾದ್ವೀಪವು ನಮ್ಮ ನೆಲದ ಮಗ್ಗುಲಿನಿಂದ ಕಳಚಿಕೊಂಡು ದೂರ ಸರಿದ ಕಾಲದಲ್ಲಿ ಉಕ್ಕಿದ ಕಲ್ಲು ಇದು. ಬಂಧುವೆಂದು ತಿಳಿದು ಬಾಗಿಲಿಗೆ ಹೋದವನಿಗೆ ಅವನು ಬೇರೆ ಮನೆತನದವನೆಂದು ತಿಳಿದರೆ ಆಗುವ ಸಂಕೋಚ ನನಗೂ ಸ್ವಲ್ಪ ಆಯಿತು.

ಇನ್ನು ಹೆಸರಿನ ವಿಚಾರ. ವಾಸ್ಕೋ ಡ ಗಾಮನು ಪೋರ್ತುಗಲ್ಲಿನಿಂದ ಬರುವಾಗ ಮೊದಲು ಇಲ್ಲಿ ಇಳಿದು, ಆಮೇಲೆ ಕಲ್ಲಿಕೋಟೆಗೆ ಹೋದನೆಂದು ಬಹುಮಂದಿ ಹೇಳುತ್ತಾರೆ, ಬರೆಯುತ್ತಾರೆ. ಅದು ಸರಿಯಲ್ಲ. ಅವನ ಸಂಗಡ ಬಂದ ಒಬ್ಬ ನಾವಿಕನು ಬರೆದಿಟ್ಟ ದಿನಚರಿ ಉಳಿದುಬಂದಿದೆ. 1898ರಲ್ಲಿ ರೇವನ್‌ಸ್ಟೈನ್ ಎಂಬವರು ಅದನ್ನು ಇಂಗ್ಲಿಷಿಗೆ ತಿರುಗಿಸಿ ಅಚ್ಚು ಹಾಕಿಸಿದರು. ಅದರ ಪ್ರಕಾರ ಗಾಮನ ಹಡಗುಗಳು ಕಲ್ಲಿಕೋಟೆಯ ಬಳಿ ಬಂದುದು 1498ನೆಯ ಮೇ ತಿಂಗಳಲ್ಲಿ. ಅಲ್ಲಿ ಸಾಮೂದಿರಿಯೊಡನೆ ವ್ಯವಹಾರ ಕೆಟ್ಟು, ಊರಿನ ಕೆಲವರನ್ನು ಸೆರೆಹಿಡಿದುಕೊಂಡೇ ಅವನು ಆಗಸ್ಟ್ ಕೊನೆಗೆ ಲಂಗರು ಎತ್ತಿದನು. ಅನಂತರ ಕರೆಯ ಗುಂಟ ಬಡಗಣಕ್ಕೆ ತೇಲುತ್ತ, ಸೆಪ್ಟೆಂಬರಿನ ಮಧ್ಯಭಾಗದಲ್ಲಿ ನೆಲದಿಂದ ಎರಡು ಹರಿದಾರಿಯಷ್ಟು ದೂರವಿದ್ದ ಕೆಲವು ಸಣ್ಣ ದ್ವೀಪಗಳ ಬಳಿಗೆ ಬಂದನು. ಇವೇ ಆ ದ್ವೀಪಗಳೆಂದು ವಿದ್ವಾಂಸರ ಮತ. ಎಂದರೆ, ಅವನು ಇಲ್ಲಿಗೆ ಬಂದುದು ಬರುವಾಗಲಲ್ಲ, ಹೋಗುವಾಗ; ಹೊಸ ನೆಲವನ್ನು ಕಂಡ ಹರ್ಷದಲ್ಲಲ್ಲ, ಜಗಳವಾಡಿ ಹೊರಟ ಬೇಸರದಲ್ಲಿ.

ಪೋರ್ತುಗಲ್ಲಿನ ದೊರೆ ಅವನ ಕೈಯಲ್ಲಿ ಮೂರು ಕಲ್ಲಿನ ಕಂಬಗಳನ್ನು ಕಳುಹಿಸಿದ್ದನೆಂದು ದಿನಚರಿ ಹೇಳುತ್ತದೆ. ಒಂದನ್ನು ಆಫ್ರಿಕದ ಮೂಡಣ ಕರೆಯಲ್ಲಿಯೂ ಒಂದನ್ನು ಕಲ್ಲಿಕೋಟೆಗೂ ಕೊಟ್ಟಾಗಿತ್ತು. ಉಳಿದುದು ಸಾಂತಾ ಮರಿಯಾ ಎಂಬ ಹೆಸರಿನದು. ದ್ವೀಪದ ಬಳಿ ಹಡಗುಗಳು ನಿಂತಾಗ ಬೆಸ್ತರು ದೋಣಿಗಳಲ್ಲಿ ಮೀನು ತಂದರು. ಗಾಮನು ಅವರಿಗೆ ಅಂಗಿಗಳನ್ನು ಕೊಟ್ಟನು. ಇಲ್ಲಿ ಒಂದು ಕಂಬವನ್ನು ನಿಲ್ಲಿಸಿದರೆ ನಿಮಗೆ ಸಂತೋಷವೇ ಎಂದು ಕೇಳಿಸಿದನು. ಬಹಳ ಸಂತೋಷ, ನೀವೂ ನಮ್ಮ ಹಾಗೆಯೇ ಕ್ರೈಸ್ತರೆಂಬುದು ಅದರಿಂದ ಸ್ಥಿರವಾಗುತ್ತದೆಂದು ಅವರು ಉತ್ತರ ಕೊಟ್ಟರಂತೆ! ಹೀಗೆ ಸ್ನೇಹದಿಂದಲೇ ಕಂಬವನ್ನು ನೆಟ್ಟಾಯಿತೆಂದು ದಿನಚರಿಕಾರನು ತೃಪ್ತಿಪಡುತ್ತಾನೆ.

ಈ ಪ್ರಸಂಗವನ್ನು ಓದಿದಾಗಲೆಲ್ಲ ನಾನು ಪುಸ್ತಕವನ್ನು ಸ್ವಲ್ಪ ಹೊತ್ತು ಕೆಳಗಿಡುತ್ತೇನೆ. ಬಂದವರ ದುಭಾಷಿಗಳು ಬಲ್ಲುದು ಅರಬ್ಬಿ. ಮೀನು ತಂದವರು ಈ ಕರೆಯ ಮೊಗವೀರರಾಗಿದ್ದರೆ ಅವರ ಮನೆಮಾತು ತುಳು. ಆಗ ಈ ಕರಾವಳಿ ವಿಜಯನಗರದ ಬಾರಕೂರು ರಾಜ್ಯಕ್ಕೆ ಸೇರಿದ್ದಿತು. ಬಾರಕೂರು ಇಲ್ಲಿಂದ ದೂರವಲ್ಲ. ನಮ್ಮ ಗುಡಿಗಳನ್ನೆಲ್ಲ ಹೊಸ ಬಗೆಯ ಇಗರ್ಜಿಗಳೆಂದು ಭ್ರಮಿಸಿ ಬಂದವರು, ತಲೆಯಾಡಿಸಿದ ಬೆಸ್ತರ ಬಾಯಲ್ಲಿ ತಮಗೆ ಬೇಕಾದ ಮಾತನ್ನೇ ಕೇಳಿಸಿಕೊಂಡರೆಂದು ನನ್ನ ತೀರ್ಮಾನ. ಇತಿಹಾಸದಲ್ಲಿ ಸಮ್ಮತಿಯೆಂದು ದಾಖಲಾದುದರಲ್ಲಿ ಎಷ್ಟು ಪಾಲು ಇಂಥ ತಲೆಯಾಡಿಸುವಿಕೆಯೋ!

ಕಂಬವನ್ನು ಯಾವ ದ್ವೀಪದ ಮೇಲೆ ನೆಟ್ಟರೆಂಬುದನ್ನು ದಿನಚರಿ ಬಿಡಿಸಿ ಹೇಳುವುದಿಲ್ಲ. ಸೃಷ್ಟಿಯೇ ಸಾವಿರಾರು ಕಂಬಗಳನ್ನು ನಿಲ್ಲಿಸಿದ್ದ ತಾಣಕ್ಕೆ, ಅರ್ಧಲೋಕವನ್ನು ಸುತ್ತಿ ಇನ್ನೊಂದು ಕಂಬವನ್ನು ಹೊತ್ತುತಂದವರು ಆ ಸಾವಿರವನ್ನು ಕುರಿತು ಒಂದು ಮಾತೂ ಬರೆಯಲಿಲ್ಲ.

ಇದನ್ನೆಲ್ಲ ನಾನು ಕಲ್ಲಿನ ಮೇಲೆ ಕುಳಿತು ಹೇಳಿದಾಗ ಕಾಕಾ ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿ ಕೇಳಿದರು. “ಬಾಂದಗಲ್ಲ ನಡಬೇಕಾದ್ರ ಮಗ್ಗಲ ಹೊಲದಾಂವನ ಕರದು ಅಳತಿ ಹಿಡೀತಾರ. ಅಂಗಿ ಕೊಟ್ಟು ನಡತಾರೇನು?” ಎಂದರು. ಸ್ವಲ್ಪ ತಡೆದು, “ಕಲ್ಲ ಹೂತಾಂವ ಒಂದಿಲ್ಲೊಂದ ದಿನಾ ಹೊಲಾ ಕೇಳಾಕ ಬರತಾನ” ಎಂದು ಸೇರಿಸಿದರು.

“ಬಂದರ್ರಿ ಕಾಕಾ” ಎಂದೆ. ಗಾಮನು 1499ರಲ್ಲಿ ಹಿಂದಿರುಗಿದೊಡನೆ ಅವನ ದೊರೆ ಮನುವೆಲನು ತನ್ನ ಬಿರುದುಗಳಿಗೆ ಇಂಡಿಯಾದ ವಿಜಯ, ನೌಕಾಯಾನ, ವಾಣಿಜ್ಯಗಳ ಒಡೆತನವನ್ನೂ ಸೇರಿಸಿಕೊಂಡನು. ಅನಂತರ ಈ ಕಡಲಿನಲ್ಲಿ ನಮ್ಮ ಹಡಗುಗಳು ಅವರ ರಹದಾರಿ ಚೀಟಿಯಿಲ್ಲದೆ ಹಾಯುವಂತಿರಲಿಲ್ಲ. ಈ ಕರೆಯ ಒಳ್ಳೆಯ ಅಕ್ಕಿ ಮಲೆಯಾಳಕ್ಕೆ ಹಡಗುಗಟ್ಟಲೆ ಹೋಗುತ್ತಿದ್ದುದನ್ನು ಬಾರ್ಬೋಸನು ಬರೆದಿದ್ದಾನೆ. ಆ ಅಕ್ಕಿಯ ಮೇಲೂ ಅವರ ಕಣ್ಣು ಬಿತ್ತು. ಕಂಬ ನೆಟ್ಟು ಎಪ್ಪತ್ತು ವರ್ಷ ತುಂಬುವಷ್ಟರಲ್ಲಿ, 1568-69ರಲ್ಲಿ, ಮಂಗಳೂರು, ಬಸರೂರು, ಹೊನ್ನಾವರಗಳಲ್ಲಿ ಪೋರ್ತುಗೀಸರ ಕೋಟೆಗಳು ಎದ್ದುವು. ಉಳ್ಳಾಲದ ಅಬ್ಬಕ್ಕ ಅವರನ್ನು ಎದುರಿಸಿ ನಿಂತಳು. 1650ರ ಅನಂತರ ಕೆಳದಿಯ ಶಿವಪ್ಪನಾಯಕನು ಆ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡನು. ಇದೇ ಮಲ್ಪೆಯ ಬಳಿ ದರಿಯಾ ಬಹಾದ್ದೂರಗಡವೆಂಬ ಇನ್ನೊಂದು ದ್ವೀಪವಿದೆ. ಅಲ್ಲಿಯ ಕೋಟೆಯನ್ನು ಬಿದನೂರಿನ ಬಸವಪ್ಪನಾಯಕನು ಕಟ್ಟಿಸಿದನೆನ್ನುತ್ತಾರೆ. ದ್ವೀಪವನ್ನು ಹಿಡಿದವನಿಗೆ ಕರೆ ಎಂಬ ಪಾಠವನ್ನು ಘಟ್ಟದ ಮೇಲಿನ ಅರಸರೂ ಅಷ್ಟರಲ್ಲಿ ಕಲಿತಿದ್ದರು.

ಹಿಂದಿರುಗುವಾಗ ನಾವು ಕಾರವಾರದ ದಾರಿಯನ್ನು ಹಿಡಿದೆವು. ಅದಕ್ಕೆ ಕಾರಣ ಅಂಜದೀವು. ಗಾಮನು ಕಂಬ ನೆಟ್ಟ ಕೆಲವೇ ದಿನಗಳಲ್ಲಿ ಅಲ್ಲಿಗೆ ಬಂದು, ಹಡಗುಗಳನ್ನು ದುರಸ್ತಿ ಮಾಡಿಸಿ, ನೀರು ಸೌದೆ ತುಂಬಿಸಿಕೊಂಡು ಅಕ್ಟೋಬರ್ 5ರಂದು ಆಫ್ರಿಕದ ಕಡೆಗೆ ಹೊರಟನು. ಆ ದ್ವೀಪದಲ್ಲಿ ಕಲ್ಲು ಕಟ್ಟಿದ ಕೆರೆಯನ್ನೂ, ಪಾಳುಬಿದ್ದ ದೊಡ್ಡ ಕಟ್ಟಡವನ್ನೂ, ಹುಲ್ಲು ಹೊದಿಸಿದ ಗುಡಿಯೊಳಗೆ ಜನರು ಪೂಜಿಸುತ್ತಿದ್ದ ಮೂರು ಕರಿಯ ಕಲ್ಲುಗಳನ್ನೂ ಅವರು ಕಂಡರು. ಆ ಕಟ್ಟಡವನ್ನೂ ಇಗರ್ಜಿಯೆಂದೇ ಬರೆದುಕೊಂಡರು. ಅಂಕೋಲೆಯ ಆರ್ಯಾದುರ್ಗೆಯ ಮೂಲಸ್ಥಾನ ಅಂಜದೀವು ಎಂಬ ಪ್ರತೀತಿ ಇಂದಿಗೂ ಜನರಲ್ಲಿದೆ. ಆಗ ಗೋವೆಯು ಬಿಜಾಪುರದ ಯೂಸುಫ್ ಆದಿಲಖಾನನ ವಶದಲ್ಲಿತ್ತು. ಅವನ ಸೇವೆಯಲ್ಲಿದ್ದ ಒಬ್ಬ ಯಹೂದಿ ಹಡಗುಗಳನ್ನು ನೋಡಲು ಅಲ್ಲಿಗೆ ಬಂದನು. ಗಾಮನು ಅವನನ್ನು ಗೂಢಚಾರನೆಂದು ಹಿಡಿದು ಹಿಂಸಿಸಿ, ಪೋರ್ತುಗಲ್ಲಿಗೆ ಒಯ್ದು, ತನ್ನ ಮನೆತನದ ಹೆಸರನ್ನೇ ಇಟ್ಟನು. ಗಾಸ್ಪರ ಡ ಗಾಮನೆಂದು ಪ್ರಸಿದ್ಧನಾದವನು ಅವನೇ.

ಸಣ್ಣ ದ್ವೀಪಕ್ಕೆ ಬಂದ ಪಾಡು ದೊಡ್ಡದು. 1505ರಲ್ಲಿ ಅಲ್ಮೈದನು ಅಲ್ಲಿ ಕೋಟೆ ಕಟ್ಟಿಸಿದನು. ಕೆಲಕಾಲದಲ್ಲೇ ಅವರೇ ಅದನ್ನು ಕೆಡವಿದರು. 1662ರಲ್ಲಿ ಮುಂಬಯಿಯನ್ನು ಮದುವೆಯ ಬಳುವಳಿಯಾಗಿ ಪಡೆದ ಇಂಗ್ಲಿಷ್ ದೊರೆಯ ನಾನೂರು ಮಂದಿ ಸಿಪಾಯಿಗಳು ಬಂದಾಗ ಪೋರ್ತುಗೀಸ್ ಅಧಿಕಾರಿ ಊರನ್ನು ಬಿಟ್ಟುಕೊಡಲಿಲ್ಲ. ಅವರು ಈ ಅಂಜದೀವಿನಲ್ಲಿ ತಂಗಿದರು. ಮಳೆ, ಜ್ವರ, ಅನ್ನಕ್ಕೆ ತತ್ವಾರ. 1664ರಲ್ಲಿ ಅವರ ನಾಯಕ ಶಿಪ್‌ಮನ್ನನೂ ಅಲ್ಲೇ ಸತ್ತನು. 1665ರಲ್ಲಿ ಮುಂಬಯಿ ಕೈಗೆ ಬಂದಾಗ ಉಳಿದವರು ನೂರರ ಸುಮಾರು. ಮುಂಬಯಿಯ ಇಂಗ್ಲಿಷ್ ಇತಿಹಾಸದ ಮೊದಲನೆಯ ಅಧ್ಯಾಯವು ನಮ್ಮ ಕಾರವಾರದ ಎದುರಿನ ಈ ಗೋರಿಗಳಲ್ಲಿದೆ. ಮರಾಠರಿಗೆ ಹೆದರಿ 1682ರಲ್ಲಿ ಪೋರ್ತುಗೀಸರು ಮತ್ತೆ ಕೋಟೆ ಎತ್ತಿದರು. ಕೊನೆಗೆ 1961ನೆಯ ಡಿಸೆಂಬರ್ 18ರಂದು ಭಾರತದ ನೌಕಾದಳದವರು ಅಲ್ಲಿ ಇಳಿದು ದ್ವೀಪವನ್ನು ಹಿಡಿದರು. ನಮ್ಮ ಏಳು ಮಂದಿ ಅಲ್ಲಿ ಮಡಿದರು. ಈಗ ಅದು ನೌಕಾನೆಲೆಯ ಆವರಣದೊಳಗೆ ಸೇರಿದೆ. ನಮ್ಮಂಥವರು ದೂರದಿಂದ ಹಸುರಿನ ಒಂದು ದಿಬ್ಬವನ್ನು ಕಂಡು ತೃಪ್ತರಾಗತಕ್ಕದ್ದು. ಕಾಕಾ ರಸ್ತೆಯ ಬದಿಯಲ್ಲಿ ಇಳಿದು ಆ ದಿಕ್ಕಿಗೆ ಕೈ ಮುಗಿದರು. ದೇವಿಗೋ, ಮಡಿದವರಿಗೋ ಎಂದು ನಾನು ಕೇಳಲಿಲ್ಲ.

ಆ ವರ್ಷ ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿದ್ದೆ. ಹೊಲ ಬಿರಿದು ಬಾಯಿ ಬಿಟ್ಟಿತ್ತು. ಕಾಕಾ ಮೊಮ್ಮಗನನ್ನು ಕೂರಿಸಿಕೊಂಡು ಕಡ್ಡಿಯಿಂದ ಬಿರುಕಿನ ಮೂಲೆಗಳನ್ನು ಎಣಿಸುತ್ತಿದ್ದರು. ಪಕ್ಕದಲ್ಲಿ ಮಲ್ಪೆಯಿಂದ ತಂದ ಒಂದು ಚಿಪ್ಪು. ನನ್ನನ್ನು ಕಂಡು ತಲೆಯೆತ್ತಿ, “ಇಲ್ಲೆ ಐದ ಮೂಲೀವು ಹೆಚ್ಚದಾವ ತಮ್ಮಾ; ಏಳರದು ಒಂದ ಸಿಕ್ಕೈತಿ” ಎಂದರು.