ಲಾಂಛನದಿಂದ ಮುಖದತ್ತ: ಹಾನಗಲ್ಲು ಸೀಮೆಯಲ್ಲಿ ಆಳುವವರ ಚಿತ್ರ

ಹಾನಗಲ್ಲು ತಾಲ್ಲೂಕಿನ ಆಡೂರಿನಲ್ಲಿ ದೊರೆತ ಬಾದಾಮಿ ಚಾಲುಕ್ಯರ ಶಾಸನವು ಜಿನಾಲಯಕ್ಕೆ ಬಿಟ್ಟ ಭೂಮಿಯ ವಿವರವನ್ನೂ ಕೀರ್ತಿವರ್ಮನೆಂಬ ಅರಸನ ಹೆಸರನ್ನೂ ದಾಖಲಿಸುತ್ತದೆಯೇ ಹೊರತು ಆ ಅರಸನ ಮುಖಚರ್ಯೆಯ ಸುಳಿವನ್ನು ಕೊಡುವುದಿಲ್ಲ. ಆ ಕಾಲದ ಪ್ರಜೆಗೆ ಪ್ರಭುವಿನ ಪರಿಚಯವಾಗುತ್ತಿದ್ದುದು ವಂಶ, ಬಿರುದು, ವಿಜಯಗಳನ್ನು ಕೊಂಡಾಡುವ ಪ್ರಶಸ್ತಿಯ ಮಾತುಗಳಿಂದ ಮತ್ತು ರಾಜಮುದ್ರೆಯ ಗುರುತಾದ ಲಾಂಛನದಿಂದ. ಚಾಲುಕ್ಯರಿಗೆ ವರಾಹವೂ ಕದಂಬರಿಗೆ ಸಿಂಹವೂ ಅಂಥ ಗುರುತುಗಳಾಗಿದ್ದವು. ತುರುಗಳನ್ನೋ ಊರನ್ನೋ ಕಾಯುತ್ತ ಮಡಿದವರ ನೆನಪಿಗೆ ನಿಲ್ಲಿಸಿದ ವೀರಗಲ್ಲುಗಳಲ್ಲಿ ಮನುಷ್ಯಾಕೃತಿ ಇದ್ದರೂ, ಶಿಲ್ಪಿ ಕೆತ್ತಿದ್ದು ವೀರನೆಂಬ ಮಾದರಿಯನ್ನೇ ಹೊರತು ಇಂಥವನೇ ಎಂದು ಹೇಳಬಹುದಾದ ಮುಖವನ್ನಲ್ಲ.

ಆಳುವವರ ಮುಖ ಈ ಸೀಮೆಯ ಜನಸಾಮಾನ್ಯರ ಕೈಗೆ ವ್ಯಾಪಕವಾಗಿ ಬಂದದ್ದು ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಯ ಮೂಲಕ. ಧಾರವಾಡ ಪ್ರಾಂತ ಬ್ರಿಟಿಷರ ವಶವಾದ ಬಳಿಕ, 1840ರಿಂದ ಅಚ್ಚಾದ ಆ ನಾಣ್ಯವು ಎಂದೂ ನೋಡದ ಒಡತಿಯ ಮೋರೆಯನ್ನು ಸಂತೆಯವರೆಗೂ ತಂದಿತು. ಮುಂದೆ ಛಾಯಾಚಿತ್ರವನ್ನು ಸಣ್ಣ ಚುಕ್ಕೆಗಳಾಗಿ ಒಡೆದು ಲೋಹದ ಅಚ್ಚಿಗಿಳಿಸುವ ತಂತ್ರ ಪತ್ರಿಕೆಗಳಿಗೆ ದಕ್ಕಿದಾಗ, ನಾಯಕನ ಯಾವ ಭಾವವನ್ನು ಓದುಗನಿಗೆ ತೋರಿಸಬೇಕೆಂಬ ಆಯ್ಕೆ ಸಂಪಾದಕನ ಪಾಲಾಯಿತು. ನಗುವ ಚಿತ್ರವೋ ಗಂಟುಮುಖದ ಚಿತ್ರವೋ ಎಂಬ ತೀರ್ಮಾನವೂ ವರದಿಯಷ್ಟೇ ಬಲವಾಗಿ ಅಭಿಪ್ರಾಯ ರೂಪಿಸುತ್ತದೆ.

ಆದರೂ ಸ್ವತಂತ್ರ ಭಾರತದ ಮೊದಲ ಚುನಾವಣೆ ಲಾಂಛನದ ಹಾದಿಯನ್ನೇ ಹಿಡಿಯಿತು. 1951ರ ಜನಗಣತಿಯಂತೆ ದೇಶದ ಸಾಕ್ಷರತೆ ಸುಮಾರು ಶೇಕಡಾ 18 ಮಾತ್ರವಿದ್ದುದರಿಂದ, ಪ್ರತಿ ಅಭ್ಯರ್ಥಿಗೂ ಒಂದು ಮತಪೆಟ್ಟಿಗೆಯಿಟ್ಟು ಅದರ ಮೇಲೆ ಚಿಹ್ನೆಯನ್ನು ಅಂಟಿಸಲಾಗಿತ್ತು. ಆಗ ಮುಂಬಯಿ ರಾಜ್ಯದಲ್ಲಿದ್ದ ಹಾನಗಲ್ಲಿನ ರೈತ ಕಾಂಗ್ರೆಸ್ಸನ್ನು ಗುರುತಿಸಿದ್ದು ನೊಗ ಹೊತ್ತ ಜೋಡೆತ್ತಿನಿಂದ. ಮತಪತ್ರದ ಮೇಲೆ ಅಭ್ಯರ್ಥಿಯ ಭಾವಚಿತ್ರ ಬಂದದ್ದು 2015ರಲ್ಲಿ, ಒಂದೇ ಹೆಸರಿನವರು ಹಲವರಿದ್ದಾಗ ಉಂಟಾಗುವ ಗೊಂದಲವನ್ನು ತಪ್ಪಿಸಲೆಂದು.

ಮುಖಕ್ಕೆ ಇಷ್ಟು ಬಲ ಏಕೆಂಬುದಕ್ಕೆ ಅಮೆರಿಕದ ಅಲೆಕ್ಸಾಂಡರ್ ಟೊಡೊರೊವ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಸಾಕ್ಷಿ ನೀಡುತ್ತದೆ. ಅಪರಿಚಿತ ಅಭ್ಯರ್ಥಿಗಳಿಬ್ಬರ ಚಿತ್ರಗಳನ್ನು ನೋಡಿ ಯಾರು ಹೆಚ್ಚು ಸಮರ್ಥರೆಂದು ಜನ ಥಟ್ಟನೆ ನೀಡಿದ ಉತ್ತರ, ಸೆನೆಟ್ ಸ್ಪರ್ಧೆಗಳಲ್ಲಿ ಸುಮಾರು ಶೇಕಡಾ 70ರಷ್ಟು ಫಲಿತಾಂಶಗಳೊಂದಿಗೆ ಹೊಂದಿಕೊಂಡಿತು. ಸಾಮರ್ಥ್ಯವೆಂಬುದು ಕೆಲಸದಿಂದ ತಿಳಿಯಬೇಕಾದ ಗುಣವಾದ್ದರಿಂದ ಈ ಫಲಿತಾಂಶ ಕಳವಳಕಾರಿಯೇ ಸರಿ. ಹಾಗೆಂದು ಮುಖ ಸದಾ ಅದರ ಒಡೆಯನಿಗೇ ದುಡಿಯುತ್ತದೆ ಎಂದಲ್ಲ. ಶಿಗ್ಗಾಂವಿಯಿಂದ ಆಯ್ಕೆಯಾಗಿ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರ ಚಿತ್ರವನ್ನು 2022ರ ಸೆಪ್ಟೆಂಬರಿನಲ್ಲಿ ಕಾಂಗ್ರೆಸ್ ಹಣಪಾವತಿಯ ಕ್ಯೂಆರ್ ಕೋಡಿನೊಳಗೆ ಸೇರಿಸಿ 'ಪೇಸಿಎಂ' ಎಂದು ಬೆಂಗಳೂರಿನ ಗೋಡೆಗಳಿಗೆ ಅಂಟಿಸಿತು. ಸರ್ಕಾರ ನಿರಾಕರಿಸಿದ ಕಮಿಷನ್ ಆರೋಪವೊಂದು ಹೀಗೆ ಯಾವ ವಾದವಿವರಣೆಯೂ ಇಲ್ಲದೆ ಒಬ್ಬರ ಮುಖಕ್ಕೆ ಬೆಸೆದುಕೊಂಡಿತು.

ಸರ್ಕಾರಿ ಜಾಹೀರಾತುಗಳಲ್ಲಿ ರಾಷ್ಟ್ರಪತಿ, ಪ್ರಧಾನಿ ಮತ್ತು ಮುಖ್ಯ ನ್ಯಾಯಮೂರ್ತಿಗಳನ್ನು ಬಿಟ್ಟು ಅಧಿಕಾರದಲ್ಲಿರುವ ಬೇರಾರ ಚಿತ್ರವೂ ಇರಕೂಡದೆಂದು ಸುಪ್ರೀಂ ಕೋರ್ಟ್ 2015ರ ಮೇ ತಿಂಗಳಲ್ಲಿ ಆದೇಶಿಸಿತು; 2016ರ ಮಾರ್ಚಿನಲ್ಲಿ ಅದನ್ನು ಸಡಿಲಿಸಿ ರಾಜ್ಯಪಾಲರು, ಮುಖ್ಯಮಂತ್ರಿಗಳು ಮತ್ತು ಸಚಿವರ ಚಿತ್ರಗಳಿಗೂ ಅನುಮತಿ ನೀಡಿತು. ಪ್ರಜೆಗಳ ತೆರಿಗೆಯ ಹಣ ಅಧಿಕಾರಸ್ಥರ ಮುಖಪ್ರಚಾರಕ್ಕೆ ವೆಚ್ಚವಾಗದಂತೆ ತಡೆದ ಮೊದಲ ಆದೇಶವೇ ನ್ಯಾಯಸಮ್ಮತವಾಗಿತ್ತು, ಅದು ಹಾಗೆಯೇ ಉಳಿಯಬೇಕಿತ್ತು.