ಗಂಟಿನಾಚೆಗೆ

ದೆಹಲಿಯಿಂದ ದಕ್ಷಿಣಕ್ಕೆ ಫರೀದಾಬಾದ್ ದಾಟಿದರೆ ಬಲ್ಲಭಗಢ. ಈಗ ಮೆಟ್ರೋದ ನೇರಳೆ ಮಾರ್ಗ ಅಲ್ಲಿಗೇ ಹೋಗಿ ನಿಲ್ಲುತ್ತದೆ. ನಿಲ್ದಾಣಕ್ಕೆ 1857ರ ರಾಜ ನಾಹರ್ ಸಿಂಗ್‌ನ ಹೆಸರಿದೆ. ವೈದ್ಯರಿಗೆ ಈ ಊರಿನ ಪರಿಚಯವಿರುವುದು ಬೇರೆ ಕಾರಣಕ್ಕೆ. ಏಮ್ಸ್ 1965ರಿಂದ ಇಲ್ಲಿನ ಹಳ್ಳಿಗಳಲ್ಲಿ ಆರೋಗ್ಯ ಸೇವೆ ನಡೆಸುತ್ತ ಬಂದಿದೆ.

ಏಮ್ಸ್‌ನ ಡಾ. ಎ.ಎನ್. ಮಾಳವೀಯ ಮತ್ತು ಸಂಗಡಿಗರು ಈ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ರುಮಟಾಯ್ಡ್ ಸಂಧಿವಾತದವರನ್ನು ಎಣಿಸಿದರು. ವರದಿ ಪ್ರಕಟವಾದದ್ದು 1993ರಲ್ಲಿ. ಪಟ್ಟಿಯಲ್ಲಿದ್ದ ವಯಸ್ಕರು 44,551. ಅವರಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಂಬತ್ತು ಮಂದಿ ಸಿಕ್ಕರು. ಆರೋಗ್ಯ ಕಾರ್ಯಕರ್ತರು ಇದ್ದರೂ ಇರಬಹುದೆಂದು ಗುರುತಿಸಿದ್ದು 3,393 ಜನರನ್ನು. ರೋಗಲಕ್ಷಣದ ಮಾನದಂಡಕ್ಕೆ ಹೊಂದಿದವರು 299, ಅಂದರೆ ಶೇ 0.75. ಇಡೀ ದೇಶಕ್ಕೆ ಹಚ್ಚಿ ನೋಡಿದರೆ ಸುಮಾರು 70 ಲಕ್ಷ.

ಎಣಿಕೆಯ ಗುರಿ ಕೀಲುಗಳು. ಭಾಷೆಯೂ ಅಲ್ಲಿಗೇ ಕರೆದೊಯ್ಯುತ್ತದೆ: ಹಿಂದಿಯ 'ಗಠಿಯಾ' ಬಂದದ್ದು ಗಂಟು ಎಂಬರ್ಥದ 'ಗಾಂಠ್'ನಿಂದ, ನಮ್ಮಲ್ಲೂ ಅದು ಗಂಟುನೋವೇ. ಆದರೆ ಈ ರೋಗಿಗಳು ಉಳಿದವರಿಗಿಂತ ಬೇಗ ಸಾಯುತ್ತಾರೆಂದು ಅಮೆರಿಕದ ವೈದ್ಯರು 1953ರಲ್ಲೇ ಬರೆದಿದ್ದರು. 2003ರಲ್ಲಿ, ಒಂದು ಲಕ್ಷಕ್ಕೂ ಹೆಚ್ಚು ಅಮೆರಿಕನ್ ನರ್ಸುಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು, ರುಮಟಾಯ್ಡ್ ಇದ್ದವರಿಗೆ ಹೃದಯಾಘಾತದ ಸಂಭವ ಎರಡರಷ್ಟು ಎಂದಿತು. ಬೆರಳ ಗೆಣ್ಣನ್ನು ಊದಿಸುವ ಉರಿಯೂತವೇ ರಕ್ತನಾಳದ ಒಳಪದರವನ್ನೂ ಕೆಡಿಸುತ್ತದೆ. ಇದರಲ್ಲೊಂದು ಮೋಸವಿದೆ. ಉರಿಯೂತ ಜೋರಾಗಿದ್ದಾಗ ರಕ್ತದ ಕೊಲೆಸ್ಟ್ರಾಲ್ ತಗ್ಗಬಹುದು. ವರದಿ ನೋಡಿದವರು ನಿಶ್ಚಿಂತರಾಗುತ್ತಾರೆ, ನಾಳ ಮಾತ್ರ ಸವೆಯುತ್ತಲೇ ಇರುತ್ತದೆ.

ನೋವು ತೆಗೆಯುವ ಮಾತ್ರೆಯೂ ಯಾವಾಗಲೂ ನಾಳದ ಪರವಲ್ಲ. ಹೊಟ್ಟೆಗೆ ಸೌಮ್ಯವೆಂದು ಹೆಸರಾಗಿದ್ದ ರೋಫೆಕಾಕ್ಸಿಬ್ ಹೃದಯಾಘಾತ ಹೆಚ್ಚಿಸುತ್ತದೆಂದು ತಿಳಿದು, 2004ರ ಸೆಪ್ಟೆಂಬರ್‌ನಲ್ಲಿ ಕಂಪನಿಯೇ ಅದನ್ನು ಹಿಂತೆಗೆದುಕೊಂಡಿತು. ಭಾರತ ಡಿಸೆಂಬರ್‌ನಲ್ಲಿ ನಿಷೇಧಿಸಿತು. ಕೀಲಿಗೆ ಕೂಡಲೇ ಹಿತ ಕೊಡುವ ಸ್ಟೆರಾಯ್ಡ್ ದೀರ್ಘಕಾಲ ನುಂಗಿದರೆ ರಕ್ತದೊತ್ತಡ, ಸಕ್ಕರೆ ಎರಡನ್ನೂ ಏರಿಸುತ್ತದೆ.

ವಾರಕ್ಕೊಮ್ಮೆ ತೆಗೆದುಕೊಳ್ಳುವ ಮೆಥೋಟ್ರೆಕ್ಸೇಟ್‌ನ ಕಥೆ ಇದಕ್ಕೆ ಉಲ್ಟಾ. ಅಮೆರಿಕದ 1,240 ರೋಗಿಗಳ 2002ರ ಅಧ್ಯಯನದಲ್ಲಿ, ಅದನ್ನು ತೆಗೆದುಕೊಂಡವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಸಾವು ಶೇ 70ರಷ್ಟು ಕಡಿಮೆ ಕಂಡಿತು. ಹಾಗಾದರೆ ಹೃದ್ರೋಗಿಗಳಿಗೆಲ್ಲ ಕೊಡಬಹುದೇ? ಸಂಧಿವಾತವಿಲ್ಲದ ಹೃದ್ರೋಗಿಗಳಿಗೆ ಕೊಟ್ಟು ನೋಡಿದರು. 2018ರಲ್ಲಿ ಬಂದ ಉತ್ತರ, ಪ್ರಯೋಜನವಿಲ್ಲ. ಸಂಧಿವಾತದವರಲ್ಲಿ ಆರಿಸಬೇಕಾದ ಬೆಂಕಿಯೇ ಬೇರೆ ಎಂದು ಇದನ್ನು ಓದಿಕೊಳ್ಳಬಹುದು.

2010ರಲ್ಲಿ ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ ಸರಳ ಸೂತ್ರವೊಂದನ್ನು ಮುಂದಿಟ್ಟಿತು: ರೋಗ ತೀವ್ರವಾಗಿ, ಬಹುಕಾಲದಿಂದ ಇದ್ದವರಲ್ಲಿ ಹೃದಯದ ಅಪಾಯವನ್ನು ಮಾಮೂಲಿನಂತೆ ಲೆಕ್ಕ ಹಾಕಿ 1.5ರಿಂದ ಗುಣಿಸಿ. ಅದಕ್ಕೆ ಬೇಕಾದ್ದು ವಯಸ್ಸು, ರಕ್ತದೊತ್ತಡ, ಕೊಲೆಸ್ಟ್ರಾಲ್ ಮತ್ತು ಹೊಗೆಸೊಪ್ಪಿನ ಪ್ರಶ್ನೆ. ಹುಕ್ಕಾ ಸುತ್ತ ಹಿರಿಯರು ಕೂರುವ ಹರಿಯಾಣದ ಹಳ್ಳಿಗಳಲ್ಲಿ ಕೊನೆಯದನ್ನು ಕೇಳುವುದು ತುಸು ಕಷ್ಟ. ಹೊಗೆ ನಾಳವನ್ನಷ್ಟೇ ಕೆಡಿಸುವುದಿಲ್ಲ, ರುಮಟಾಯ್ಡ್ ರೋಗ ಹುಟ್ಟುವ ಸಂಭವವನ್ನೂ ಹೆಚ್ಚಿಸುತ್ತದೆ. ಆದರೆ ಗಂಟು ಊದಿದೆಯೆಂದು ಬಂದವರು ಮೇಜಿನ ಮೇಲೆ ಚಾಚುವುದು ಬೆರಳುಗಳನ್ನು. ಬಿಪಿ ಪಟ್ಟಿ ಸುತ್ತಬೇಕಾದ ತೋಳು ಅಂಗಿಯೊಳಗೇ ಇರುತ್ತದೆ.