ಎರಡನೇ ಗೇರ್ ನಿಲ್ಲದ ಅಂಬಾಸಿಡರ್

ನಂದಿ ಬೆಟ್ಟ ಇಳಿಯುವಾಗ ಕಾರು ಎರಡನೇ ಗೇರ್‌ನಲ್ಲಿರಬೇಕು. ಆಗ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಕಾಯುವುದಿಲ್ಲ. ನಮ್ಮ ದೊಡ್ಡಪ್ಪನ ಅಂಬಾಸಿಡರ್‌ನಲ್ಲಿ ಎರಡನೇ ಗೇರೇ ನಿಲ್ಲುತ್ತಿರಲಿಲ್ಲ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, 'ಟಕ್' ಅಂತ ನ್ಯೂಟ್ರಲ್‌ಗೆ ಜಾರುತ್ತಿತ್ತು. ಅದಕ್ಕೆ ಅವರು ಸ್ಟೇರಿಂಗ್ ಪಕ್ಕದ ಗೇರ್ ರಾಡ್‌ಗೆ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿದ್ದರು. ಇಳಿಜಾರು ಬಂದರೆ ಎಳೆದು ಸಿಕ್ಕಿಸುವುದು, ಮುಗಿದ ಮೇಲೆ ಬಿಡಿಸುವುದು. ಹಿಂದೆ ಕೂತವರಿಗೆ ಆ ಪಟ್ಟಿ ಯಾಕೆ ಅಂತ ಗೊತ್ತಿರಲಿಲ್ಲ.

1980ರ ದಶಕದ ಮಾತು ಇದು. ದೊಡ್ಡಪ್ಪ ಶಿಡ್ಲಘಟ್ಟದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು. ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ಎಲ್ಲವೂ ಆಗ ಕೋಲಾರ ಜಿಲ್ಲೆಯೇ. ನಮಗೆ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ಮದುವೆ ದಿಬ್ಬಣ, ಹೆರಿಗೆ ನೋವು, ರೇಷ್ಮೆ ಗೂಡು ಮಾರಿ ದುಡ್ಡು ಸೊಂಟಕ್ಕೆ ಕಟ್ಟಿಕೊಂಡವರು, ಎಲ್ಲಕ್ಕೂ ಅದೇ ಕಾರು.

ಗೇರ್ ಸವೆಯುವುದು ಅಂದರೆ ಚಕ್ರದ ದೊಡ್ಡ ಹಲ್ಲುಗಳೇ ಸವೆಯುತ್ತವೆ ಅಂತ ಬಹಳ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಮೊದಲು ಹೋಗುವುದು ಸಿಂಕ್ರೊ ರಿಂಗ್. ಅದು ಹಿತ್ತಾಳೆಯದು. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳನ್ನು ಉಜ್ಜಿ ಒಂದೇ ವೇಗಕ್ಕೆ ತರುವುದು ಅದರ ಕೆಲಸ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಈ ಉಪಾಯ ನಮ್ಮ ಅಂಬಾಸಿಡರ್, ಫಿಯಟ್‌ಗಳ ಮೇಲಿನ ಮೂರು ಗೇರ್‌ಗಳಿಗೆ ಮಾತ್ರ ಇತ್ತು. ಮೊದಲನೆಯದಕ್ಕೆ ಇರಲಿಲ್ಲ. ಗಾಡಿ ಪೂರ್ತಿ ನಿಲ್ಲದೆ ಫಸ್ಟ್ ಹಾಕಿದರೆ 'ಕರ್ರ್' ಎಂದು ಇಡೀ ಬೀದಿಗೆ ಕೇಳಿಸುತ್ತಿತ್ತು. ರಿಂಗ್ ಸವೆದ ಮೇಲೆ ಗೇರ್ ಹಿಡಿಯುವ ಚಿಕ್ಕ ಹಲ್ಲುಗಳ ಮೂಲೆ ಉರುಟಾಗುತ್ತದೆ. ಆಗಲೇ ಜಾರಾಟ ಶುರು.

ಹಾಗಾದರೆ ರಿಪೇರಿ ಯಾಕೆ ಮಾಡಿಸಲಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ನಮ್ಮ ಪಕ್ಕದ ಮುದ್ದೇನಹಳ್ಳಿಗೇ ಬರಬೇಕಾಗುತ್ತದೆ. ಅಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯ 1930ರ ದಶಕದಲ್ಲೇ ಭಾರತಕ್ಕೆ ಸ್ವಂತ ಕಾರು ಕಾರ್ಖಾನೆ ಬೇಕು ಅಂತ ಯೋಜನೆ ಬರೆದು, ಯುರೋಪ್, ಅಮೆರಿಕ ಸುತ್ತಿ ಬಂದವರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದರ ಬೆನ್ನಿಗೆ ನಿಂತರು. ಬೆಂಗಳೂರಿನಲ್ಲೇ ಕಾರ್ಖಾನೆ ಆಗಲಿ ಎಂದು ಮೈಸೂರು ಸರ್ಕಾರವೂ ಆಸಕ್ತಿ ತೋರಿತು. ಬ್ರಿಟಿಷ್ ಸರ್ಕಾರ ಕೈಜೋಡಿಸಲಿಲ್ಲ. 1940ರಲ್ಲಿ ಬೆಂಗಳೂರಿಗೆ ಬಂದದ್ದು ಅದೇ ವಾಲ್‌ಚಂದ್ ಶುರು ಮಾಡಿದ ವಿಮಾನ ಕಾರ್ಖಾನೆ, ಇವತ್ತಿನ ಎಚ್‌ಎಎಲ್. ಕಾರಿಗಾಗಿ ಅವರು 1944ರಲ್ಲಿ ಬೊಂಬಾಯಿಯಲ್ಲಿ ಪ್ರೀಮಿಯರ್ ಕಂಪನಿ ತೆರೆದರು. ನಮ್ಮೂರುಗಳಲ್ಲಿ ಓಡಿದ ಫಿಯಟ್, ಪದ್ಮಿನಿ ಅಲ್ಲಿಂದಲೇ ಬಂದವು. ಅಂಬಾಸಿಡರ್ ಬಂದದ್ದು ಕೋಲ್ಕತ್ತಾ ಹತ್ತಿರದ ಉತ್ತರಪಾರಾದಿಂದ, ಹಿಂದೂಸ್ತಾನ್ ಮೋಟಾರ್ಸ್‌ನಿಂದ.

ಸ್ವಾತಂತ್ರ್ಯದ ನಂತರ ಹೊರದೇಶದ ಕಾರು ತರುವುದಕ್ಕೆ ಕಟ್ಟುನಿಟ್ಟು ಬಂತು. 1950ರ ದಶಕದಲ್ಲಿ ಫೋರ್ಡ್, ಜನರಲ್ ಮೋಟಾರ್ಸ್ ಇಲ್ಲಿಂದ ಹೊರಟವು. ಉಳಿದದ್ದು ಇವೆರಡು ಮತ್ತು ಮದ್ರಾಸಿನ ಸ್ಟ್ಯಾಂಡರ್ಡ್. ಎಷ್ಟು ಕಾರು ಮಾಡಬೇಕು ಎನ್ನುವುದಕ್ಕೂ ಲೈಸೆನ್ಸ್. ಬುಕ್ ಮಾಡಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಹೊಸದು ಸಿಗದ ಊರಿನಲ್ಲಿ ಹಳೆಯದಕ್ಕೆ ಸಾವಿಲ್ಲ ನೋಡಿ. ಬೆಂಗಳೂರಿನ ಸಾಹುಕಾರರ ಕೈಯಿಂದ ಎರಡನೇ ಕೈ, ಮೂರನೇ ಕೈ ದಾಟಿ ನಮ್ಮ ತಾಲ್ಲೂಕುಗಳಿಗೆ ಬರುವ ಹೊತ್ತಿಗೆ ಗೇರ್ ಬಾಕ್ಸ್ ಅರ್ಧ ಆಯಸ್ಸು ಮುಗಿಸಿರುತ್ತಿತ್ತು. ಸ್ಪೇರ್ ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆ, ಇಲ್ಲವೇ ಶಿವಾಜಿನಗರದ ಗುಜರಿ. ಕಾರು ನಿಂತಷ್ಟು ದಿನ ಸಂಪಾದನೆ ಇಲ್ಲ.

ಹೀಗಾಗಿ ಡ್ರೈವರ್‌ಗಳು ಸವೆದ ಗೇರ್ ಜೊತೆ ಬದುಕುವುದನ್ನು ಕಲಿತರು. ಮುಖ್ಯವಾದದ್ದು ಡಬಲ್ ಕ್ಲಚ್. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತರುವುದು, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಒಮ್ಮೆ ಒತ್ತಿ ಇಂಜಿನ್ ವೇಗ ಏರಿಸುವುದು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರ್ ಹಾಕುವುದು. ಹಿತ್ತಾಳೆ ರಿಂಗ್ ಮಾಡಬೇಕಾದ ಕೆಲಸವನ್ನು ಕಾಲು ಮತ್ತು ಕಿವಿ ಮಾಡುತ್ತಿದ್ದವು. ಸ್ಟೇರಿಂಗ್‌ನಿಂದ ಗೇರ್ ಬಾಕ್ಸ್‌ವರೆಗಿನ ಸರಳುಗಳ ಬುಷ್ ಸವೆದು ಗೇರ್ ಸಿಕ್ಕಿಕೊಂಡರೆ, ನಡುರಸ್ತೆಯಲ್ಲೇ ಬಾನೆಟ್ ಎತ್ತಿ ಕೈಯಲ್ಲಿ ಸರಳು ಸರಿಸಿ ಹೊರಡುತ್ತಿದ್ದರು.

ಮೋಸದ ವಿದ್ಯೆಯೂ ಇತ್ತು. ಮಾರುವ ಮುಂಚೆ ಗೇರ್ ಬಾಕ್ಸ್‌ಗೆ ಮರದ ಹೊಟ್ಟು ಹಾಕಿದರೆ ಕೆಲವು ದಿನ ಕೂಗು ಕೇಳಿಸುವುದಿಲ್ಲ. ಇದು ನಮ್ಮ ಕಡೆಯದೇ ಚಾಲಾಕಿ ಅಂದುಕೊಂಡಿದ್ದೆ. 1988ರ ಇಂಗ್ಲಿಷ್ ಮಕ್ಕಳ ಕಾದಂಬರಿ 'ಮಟಿಲ್ಡಾ'ದಲ್ಲೂ ಹುಡುಗಿಯ ಅಪ್ಪ ಇದನ್ನೇ ಮಾಡುತ್ತಾನೆ! ಶಬ್ದ ಅಡಗಿಸಲು ದಪ್ಪ ಎಣ್ಣೆ ಸುರಿಯುವುದು ಇವತ್ತಿಗೂ ಇದೆ. ತೀರಾ ದಪ್ಪ ಎಣ್ಣೆಯಲ್ಲಿ ರಿಂಗ್‌ಗೆ ಸರಿಯಾಗಿ ಉಜ್ಜಲು ಆಗುವುದಿಲ್ಲ, ಚಳಿಯ ಬೆಳಗಿನಲ್ಲಂತೂ ಗೇರ್ ಇನ್ನೂ ಗಟ್ಟಿಯಾಗುತ್ತದೆ. ಹಳೇ ಕಾರು ಕೊಳ್ಳುವವರು ಎಣ್ಣೆ ಇಳಿಸಿ ನೋಡಿ. ಅದರಲ್ಲಿ ಹಿತ್ತಾಳೆಯ ಚೂರು ಮಿನುಗಿದರೆ ರಿಂಗ್ ಸವೆಯುತ್ತಿದೆ ಅಂತ ಲೆಕ್ಕ.

ಈ ಜಾಣತನವನ್ನು 'ಹಳ್ಳಿ ಇಂಜಿನಿಯರಿಂಗ್' ಅಂತ ಹೊಗಳುವುದು ಈಗ ಫ್ಯಾಷನ್ ಆಗಿದೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಒಂದು ದಿನ ಮದುವೆ ಮನೆಯವರನ್ನು ಕೂರಿಸಿಕೊಂಡು ನಂದಿ ಇಳಿಯುವಾಗ ಆ ಟ್ಯೂಬ್ ಪಟ್ಟಿ ಹರಿಯಿತು. ಗೇರ್ ಜಾರಿತು. ಇಂಜಿನ್ ಸದ್ದು ಒಮ್ಮೆಲೇ ಇಳಿದು ಕಾರು ಹಗುರಾದ ಹಾಗೆ ಓಡಿತು. ಬ್ರೇಕ್ ಆಗಲೇ ಕಾದಿತ್ತು. ದೊಡ್ಡಪ್ಪ ಡಬಲ್ ಕ್ಲಚ್ ಮಾಡಿ ಮತ್ತೆ ಸೆಕೆಂಡ್ ತುಂಬಿದರು. ಎಡಗೈಯಲ್ಲಿ ರಾಡ್ ಅದುಮಿ ಹಿಡಿದು, ಒಂದೇ ಕೈಯಲ್ಲಿ ತಿರುವು ತಿರುಗಿಸುತ್ತಾ ಕೆಳಗೆ ಬಂದರು.

"ಭಾರೀ ಡ್ರೈವರ್ ನೀವು" ಅಂತ ನಾನು ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. "ನನ್ನ ಕೈಚಳಕದಿಂದ ಉಳೀಲಿಲ್ಲ ಕಣೋ. ಎದುರಿಗೆ ಬಸ್ ಬರಲಿಲ್ಲ, ಅಷ್ಟೇ. ಹಿಂದೆ ಇಬ್ಬರು ಮಕ್ಕಳಿದ್ರು."

ಮಾರನೇ ದಿನವೇ ಕಾರು ನಿಲ್ಲಿಸಿದರು. ದೊಡ್ಡಮ್ಮನ ಬಳೆ ಅಡವಿಟ್ಟು, ಗುಜರಿಯಿಂದ ಇನ್ನೊಂದು ಗೇರ್ ಬಾಕ್ಸ್ ತಂದು, ಎರಡರಲ್ಲಿ ಚೆನ್ನಾಗಿದ್ದ ಭಾಗಗಳನ್ನು ಸೇರಿಸಿ ಒಂದು ಮಾಡಿಸಿದರು. ಒಂದು ತಿಂಗಳ ಮೇಲಾಯಿತು. ಅಷ್ಟರಲ್ಲಿ ಖಾಯಂ ಗಿರಾಕಿಗಳಲ್ಲಿ ಕೆಲವರು ಬೇರೆ ಕಾರಿಗೆ ಹೋಗಿದ್ದರು.

2014ರಲ್ಲಿ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ದೊಡ್ಡಪ್ಪನ ಕಾರು ಅದಕ್ಕೂ ಮುಂಚೆಯೇ ತೂಕಕ್ಕೆ ಹೋಗಿತ್ತು. ಹೋದ ವರ್ಷ ನಾನು ಮೂರನೇ ಕೈಯ ಮಾರುತಿ ತಂದಾಗ ಅವರು ಪಕ್ಕದಲ್ಲಿ ಕೂತು ಚಿಂತಾಮಣಿವರೆಗೆ ಮಾತೇ ಆಡಲಿಲ್ಲ, ಬರೀ ಕೇಳಿಸಿಕೊಳ್ಳುತ್ತಿದ್ದರು. ಇಳಿಯುವಾಗ ಕೇಳಿದರು: "ಮೂರನೇದು ಕೂಗ್ತಾ ಐತೆ. ಎಣ್ಣೆ ಯಾವಾಗ ನೋಡಿದ್ದು?"